ಖೀಮಾದ ಚರಿತ್ರೆ: ಕೊಬ್ಬು ಬೆರೆಸಿದವರು, ಕೊಬ್ಬು ತೆಗೆದವರು

ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಿರಿಯರೊಬ್ಬರು ನಮ್ಮ ಬಳಗದಲ್ಲಿದ್ದಾರೆ. ವೈದ್ಯರು ಅವರಿಗೆ ಮಾಂಸವನ್ನು ಪೂರ್ತಿ ಬಿಡಿ ಎಂದು ಹೇಳಿರಲಿಲ್ಲ; ಕೊಬ್ಬನ್ನು ಬಿಡಿ ಎಂದಿದ್ದರು. ಬಕ್ರೀದ್ ದಿನ ದಸ್ತರ್‌ಖಾನಿನ ಮೇಲೆ ಖೀಮಾ ಬಂತು. ಅದರ ಮೇಲೆ ಕೆಂಪು ಜಿಡ್ಡು ದಪ್ಪನಾಗಿ ತೇಲುತ್ತಿತ್ತು. ಹಿರಿಯರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ಸ್ವಲ್ಪ ತಗೊಳ್ಳಿ ಮಾಮೂ, ಹಬ್ಬ ಅಲ್ವಾ? ಜಿಡ್ಡಿಲ್ಲದ ಖೀಮಾ ಖೀಮಾನೇ ಅಲ್ಲ. ನಮ್ಮ ಹಿರಿಯರಿಂದ ಬಂದ ಪದ್ಧತಿ ಇದು" ಎಂದರು ಮನೆಯ ಕಿರಿಯರೊಬ್ಬರು. ಪ್ರೀತಿಯಿಂದಲೇ ಆಡಿದ ಮಾತು ಅದು. ಆದರೆ ಅದು ನಿಜವೇ? ಜಿಡ್ಡೇ ನಮ್ಮ ಪದ್ಧತಿಯೇ? ಈ ಪ್ರಶ್ನೆಯನ್ನು ಹಿಡಿದುಕೊಂಡು ನಾವು ಖೀಮಾದ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದೆವು. ಸಿಕ್ಕ ಉತ್ತರ ನಾವು ಅಂದುಕೊಂಡದ್ದಕ್ಕಿಂತ ಬೇರೆಯಾಗಿತ್ತು.

ಮೊದಲು ಹೆಸರನ್ನೇ ನೋಡೋಣ. 'ಖೀಮಾ' ತುರ್ಕಿ ಮೂಲದ ಪದ. ಸಣ್ಣಗೆ ಕೊಚ್ಚುವುದು ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ 'ಕಿಯ್ಮಾ' ಎಂಬುದು ಪಾರಸಿಯ ಮೂಲಕ ಉರ್ದುವಿಗೆ, ಅಲ್ಲಿಂದ ದಖನಿಗೆ ಬಂತು. 'ಕೋಫ್ತಾ' ಪಾರಸಿಯದು, ಕುಟ್ಟಿದ್ದು ಎಂದು ಅದರ ಅರ್ಥ. ಹಳೆಯ ಮೈಸೂರು ಸೀಮೆಯ ಗೌಡರ ಮನೆಗಳಲ್ಲೂ ಕೊಡಗಿನ ಮನೆಗಳಲ್ಲೂ ಇದೇ ಪದ 'ಕೈಮಾ' ಆಯಿತು. ಇಂದು 'ಕೈಮಾ ಉಂಡೆ' ಎಂದರೆ ಅದು ಅಪ್ಪಟ ನಾಡ ಅಡುಗೆ. ಅದರ ಹೆಸರಿನ ಅರ್ಧ ಭಾಗ ತುರ್ಕಿಯದು, ಇನ್ನರ್ಧ ಕನ್ನಡದ್ದು ಎಂಬುದು ಉಣ್ಣುವಾಗ ಯಾರಿಗೂ ನೆನಪಿರುವುದಿಲ್ಲ. ನೆನಪಿರಬೇಕಾದ ಅಗತ್ಯವೂ ಇಲ್ಲ.

ಪದ ಹೊರಗಿನಿಂದ ಬಂದಿರಬಹುದು, ಆದರೆ ಅಡುಗೆ ಇಲ್ಲಿ ಮೊದಲೇ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಅನ್ನಭೋಗದ ಭಾಗದಲ್ಲಿ ಮಾಂಸದಡುಗೆಗಳ ವಿವರವಿದೆ. ಮಾಂಸವನ್ನು ಮಸಾಲೆಯೊಂದಿಗೆ ನುಣ್ಣಗೆ ಅರೆದು ಉಂಡೆ ಕಟ್ಟಿ ಕರಿಯುವುದು, ಬದನೆಕಾಯಿಯೊಳಗೆ ತುಂಬುವುದು ಎಲ್ಲವೂ ಅಲ್ಲಿದೆ. ಇಂದಿನ ಬಸವಕಲ್ಯಾಣದಿಂದ ಆಳಿದ ದೊರೆಯ ಅಡುಗೆಮನೆಯಲ್ಲಿ ಖೀಮಾ ಎಂಬ ಹೆಸರಿಲ್ಲದೆಯೇ ಖೀಮಾ ಇತ್ತು.

ಇನ್ನು ಕೊಬ್ಬಿನ ವಿಚಾರ. ಸೋಮೇಶ್ವರನ ನಂತರ ಸುಮಾರು ನೂರು ವರ್ಷಕ್ಕೆ, 1226ರಲ್ಲಿ, ಬಾಗ್ದಾದಿನಲ್ಲಿ ಮುಹಮ್ಮದ್ ಬಿನ್ ಹಸನ್ ಅಲ್ ಬಾಗ್ದಾದಿ ಎಂಬವರು 'ಕಿತಾಬ್ ಅಲ್ ತಬೀಖ್' ಎಂಬ ಅಡುಗೆ ಪುಸ್ತಕ ಬರೆದರು. ಅದರ ಹಲವಾರು ಅಡುಗೆಗಳು ಒಂದೇ ಬಗೆಯಲ್ಲಿ ಶುರುವಾಗುತ್ತವೆ. ಕುರಿಯ ಬಾಲದ ಕೊಬ್ಬನ್ನು ಹೆಚ್ಚಿ ಕರಗಿಸು, ಉಳಿದ ಚರಟವನ್ನು ತೆಗೆದುಬಿಡು, ಆ ಕೊಬ್ಬಿನಲ್ಲಿ ಮಾಂಸವನ್ನು ಹುರಿ. ಆ ಸೀಮೆಯ ಕುರಿಗಳಿಗೆ ಅಗಲವಾದ, ಕೊಬ್ಬು ತುಂಬಿದ ಬಾಲವಿರುತ್ತದೆ. ಅಡುಗೆಯ ಎಣ್ಣೆ ಅದೇ ಆಗಿತ್ತು. ಆದರೆ ಅದೇ ಪುಸ್ತಕ, ಮಾಂಸ ಬೇಯುವಾಗ ಮೇಲೆ ಬರುವ ನೊರೆಯನ್ನು ತೆಗೆಯಬೇಕೆಂದು ಮತ್ತೆ ಮತ್ತೆ ಹೇಳುತ್ತದೆ. ಯಾವುದನ್ನು ಸೇರಿಸಬೇಕು, ಯಾವುದನ್ನು ತೆಗೆಯಬೇಕು ಎಂಬ ಎರಡು ಬಗೆಯ ಎಚ್ಚರವೂ ಅಲ್ಲಿದೆ.

ಕೊಬ್ಬಿಗೆ ಅಷ್ಟು ಬೆಲೆ ಯಾಕಿತ್ತು? ಅದು ಕೇವಲ ರುಚಿಯ ಪ್ರಶ್ನೆಯಾಗಿರಲಿಲ್ಲ. ಮಾಂಸ ಕೆಡದಂತೆ ಇಡಲು ಶೀತಲ ಪೆಟ್ಟಿಗೆ ಇಲ್ಲದ ಕಾಲ ಅದು. ಲೆಬನಾನಿನ ಬೆಟ್ಟದ ಊರುಗಳಲ್ಲಿ ಕೊಚ್ಚಿದ ಕುರಿಮಾಂಸವನ್ನು ಉಪ್ಪಿನೊಂದಿಗೆ ಅದರ ಕೊಬ್ಬಿನಲ್ಲೇ ಬೇಯಿಸಿ, ಆ ಕೊಬ್ಬಿನಲ್ಲೇ ಮುಳುಗಿಸಿ ಚಳಿಗಾಲಕ್ಕೆ ಕೂಡಿಡುತ್ತಿದ್ದರು. ಅದಕ್ಕೆ 'ಕವರ್ಮಾ' ಎಂದು ಹೆಸರು. ಗಾಳಿ ತಾಗದಂತೆ ಮುಚ್ಚುವ ಮುಚ್ಚಳವೇ ಕೊಬ್ಬು. ಮೈಮುರಿದು ದುಡಿಯುವವರಿಗೆ, ವರ್ಷದಲ್ಲಿ ಕೆಲವೇ ದಿನ ಮಾಂಸ ಕಾಣುವವರಿಗೆ ಕೊಬ್ಬು ಶಕ್ತಿಯ ಗಂಟಾಗಿತ್ತು. ಅತಿಥಿಯ ತಟ್ಟೆಗೆ ಜಿಡ್ಡು ಹೆಚ್ಚು ಬಡಿಸುವುದೆಂದರೆ ಮನೆಯಲ್ಲಿದ್ದ ಅತ್ಯಂತ ಬೆಲೆಬಾಳುವುದನ್ನು ಬಡಿಸಿದಂತೆ.

ಈ ಅಡುಗೆಗಳು ಭಾರತಕ್ಕೆ ಬಂದಾಗ ಬಾಲದ ಕೊಬ್ಬಿನ ಜಾಗವನ್ನು ತುಪ್ಪ ಹಿಡಿಯಿತು. ನಮ್ಮ ಬನ್ನೂರು ಕುರಿಯ ಬಾಲ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. 14ನೆಯ ಶತಮಾನದಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ದೆಹಲಿಯಲ್ಲಿದ್ದ ಇಬ್ನ್ ಬತೂತಾ ಅಲ್ಲಿನ ಸಮೋಸವನ್ನು ವರ್ಣಿಸಿದ್ದಾನೆ. ಕೊಚ್ಚಿದ ಮಾಂಸಕ್ಕೆ ಬಾದಾಮಿ, ಅಕ್ರೋಟು, ಪಿಸ್ತಾ, ಈರುಳ್ಳಿ, ಮಸಾಲೆ ಬೆರೆಸಿ ತೆಳು ರೊಟ್ಟಿಯಲ್ಲಿ ಮಡಚಿ ತುಪ್ಪದಲ್ಲಿ ಕರಿದದ್ದು ಅದು. 1469ರಿಂದ 1500ರವರೆಗೆ ಮಾಳವವನ್ನು ಆಳಿದ ಘಿಯಾಸ್ ಶಾಹನಿಗಾಗಿ ಮಾಂಡುವಿನಲ್ಲಿ ಆರಂಭವಾದ ಚಿತ್ರಸಹಿತ ಹಸ್ತಪ್ರತಿ 'ನಿಅಮತ್‌ನಾಮಾ'ದಲ್ಲೂ ಖೀಮಾ ತುಂಬಿದ ಸಮೋಸಗಳಿವೆ. ರಂಜಾನ್ ಸಂಜೆ ಬೆಂಗಳೂರಿನ ಶಿವಾಜಿನಗರದಲ್ಲಿ ನಾವು ಕೊಳ್ಳುವ ಖೀಮಾ ಸಮೋಸದ ಹಿಂದೆ ಇಷ್ಟು ಉದ್ದದ ದಾರಿಯಿದೆ.

ನಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುವುದು ಅಕ್ಬರನ ಕಾಲದಲ್ಲಿ. ಅಬುಲ್ ಫಜಲ್ 1590ರ ದಶಕದಲ್ಲಿ ಬರೆದ 'ಆಯಿನ್-ಇ-ಅಕ್ಬರಿ' ಅರಮನೆಯ ಅಡುಗೆಗಳನ್ನು ತೂಕದ ಸಮೇತ ಪಟ್ಟಿ ಮಾಡುತ್ತದೆ. ಅದರಲ್ಲಿ ಖೀಮಾ ಪಲಾವ್ ಇದೆ, ಖೀಮಾ ಶುರ್ಬಾ ಅಂದರೆ ತೆಳು ಸಾರೂ ಇದೆ. ಎರಡಕ್ಕೂ ಮಾಂಸ 10 ಸೇರು. ಪಲಾವಿಗೆ ತುಪ್ಪ 4 ಸೇರು. ಶುರ್ಬಾಕ್ಕೆ ಕೇವಲ 1 ಸೇರು. ಪಲಾವಿನಿಂದ 5 ತಟ್ಟೆ ತುಂಬಿದರೆ ಶುರ್ಬಾದಿಂದ 10 ತಟ್ಟೆ. ಎರಡರಲ್ಲೂ ಕಡಲೆ ಇದೆ. ಒಂದೇ ಅರಮನೆ, ಒಂದೇ ಮಾಂಸ. ಆದರೆ ಜಿಡ್ಡಿನಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಬಾದಶಹನ ಮನೆಯಲ್ಲೂ ಎಲ್ಲ ಖೀಮಾ ಜಿಡ್ಡಿನಲ್ಲಿ ಮುಳುಗಿರಲಿಲ್ಲ ಎಂದಾಯಿತು. ಅಂದಹಾಗೆ, ಸಮೋಸವನ್ನು 20 ಬಗೆಯಲ್ಲಿ ಮಾಡಬಹುದೆಂದೂ ಅದೇ ಪುಸ್ತಕ ಹೇಳುತ್ತದೆ.

ಅರಮನೆಯವರು ತುಪ್ಪವನ್ನು ತೂಗಿ ಬರೆದಿಟ್ಟರು. ಸಾಮಾನ್ಯರ ಮನೆಯಲ್ಲಿ ಕೊಬ್ಬನ್ನು ತೆಗೆದವರು ಬರೆಯಲಿಲ್ಲ. ಅವರು ಹೆಚ್ಚಾಗಿ ಹೆಂಗಸರು, ಅವರ ವಿದ್ಯೆ ಕೈಯಿಂದ ಕೈಗೆ ಸಾಗಿತು. ಆ ಜಾಣ್ಮೆಯನ್ನು ಇಂದಿಗೂ ನಮ್ಮ ನಾನಿ, ಖಾಲಾ, ಅಜ್ಜಿಯಂದಿರ ಬಳಿ ಕೇಳಿ ತಿಳಿಯಬಹುದು.

ಮೊದಲನೆಯದು ಕೊಚ್ಚುವ ಮುನ್ನವೇ ಕೊಬ್ಬು ಬಿಡಿಸುವುದು. ಯಂತ್ರ ಬರುವ ಮೊದಲು ಕೊರಡಿನ ಮೇಲೆ ಕತ್ತಿಯಿಂದ ಕೊಚ್ಚುವಾಗ ಬಿಳಿ ಕೊಬ್ಬು ಕಣ್ಣಿಗೆ ಕಾಣುತ್ತಿತ್ತು, ತೆಗೆದಿಡಬಹುದಿತ್ತು. ಯಂತ್ರದಲ್ಲಿ ಕೊಬ್ಬು ಮಾಂಸದೊಂದಿಗೆ ಮೆತ್ತಿಕೊಂಡು ಒಂದಾಗಿಬಿಡುತ್ತದೆ. ಆಮೇಲೆ ಬೇರೆ ಮಾಡುವುದು ಕಷ್ಟ. ಆದ್ದರಿಂದ ತೊಡೆಯ ತುಂಡನ್ನು ಆರಿಸಿ, ಕೊಬ್ಬು ಬಿಡಿಸಿ, ಕಣ್ಣೆದುರೇ ಕೊಚ್ಚಿಸಿಕೊಳ್ಳುವುದು ಇವತ್ತಿಗೂ ಒಳ್ಳೆಯ ಕ್ರಮ.

ಎರಡನೆಯದು ಎಣ್ಣೆ ಹಾಕದೆ ಹುರಿಯುವುದು. ದಪ್ಪ ತಳದ ಬಾಣಲೆಯಲ್ಲಿ ಖೀಮಾ ಹಾಕಿ ಸಣ್ಣ ಉರಿಯಲ್ಲಿ ಗಂಟು ಬಿಡಿಸುತ್ತಾ ಹೋದರೆ ಮೊದಲು ನೀರು ಬಿಡುತ್ತದೆ, ನೀರು ಆರಿದ ಮೇಲೆ ಕೊಬ್ಬು ಕರಗುತ್ತದೆ. ಆಗ ಬಾಣಲೆಯನ್ನು ಓರೆ ಮಾಡಿ ಖೀಮಾವನ್ನು ಮೇಲಕ್ಕೆ ಸರಿಸಿದರೆ ಜಿಡ್ಡು ಕೆಳಗೆ ಇಳಿಯುತ್ತದೆ. ಅದನ್ನು ಸೌಟಿನಲ್ಲಿ ತೆಗೆದು, ಉಳಿದದ್ದಕ್ಕೆ ಈರುಳ್ಳಿ, ಮಸಾಲೆ ಸೇರಿಸಬೇಕು. ಮಸಾಲೆ ಹಾಕಿದ ಮೇಲೆ ಜಿಡ್ಡು ತೆಗೆದರೆ ಜಿಡ್ಡಿನೊಂದಿಗೆ ಪರಿಮಳವೂ ಹೋಗುತ್ತದೆ. ಹಾಗಾಗಿ ಹೊತ್ತು ನೋಡಿ ತೆಗೆಯುವುದೇ ಇಲ್ಲಿನ ಗುಟ್ಟು.

ಮೂರನೆಯದು ತಣಿಸುವುದು. ಕುರಿಯ ಕೊಬ್ಬು ತಣ್ಣಗಾದರೆ ಮೇಣದಂತೆ ಗಟ್ಟಿಯಾಗುತ್ತದೆ. ಬೆಂದ ಸಾರನ್ನು ರಾತ್ರಿ ತಂಪಿನಲ್ಲಿಟ್ಟರೆ ಬೆಳಿಗ್ಗೆ ಮೇಲೆ ಬಿಳಿ ಪದರ ನಿಂತಿರುತ್ತದೆ. ಅದನ್ನು ಎತ್ತಿ ತೆಗೆದು ಸಾರನ್ನು ಮತ್ತೆ ಚೆನ್ನಾಗಿ ಕುದಿಸಿದರೆ ಆಯಿತು. ತೆಗೆದ ಕೊಬ್ಬನ್ನು ಬಚ್ಚಲಿಗೆ ಸುರಿಯಬಾರದು. ಕೊಳವೆಯಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ನಾಲ್ಕನೆಯದು ಬೇಳೆಯ ಜೊತೆ. ಶಾಮಿ ಕಬಾಬಿಗೆ ಖೀಮಾವನ್ನು ಕಡಲೆಬೇಳೆಯೊಂದಿಗೆ ನೀರು ಆರುವವರೆಗೆ ಬೇಯಿಸಿ ಅರೆಯುತ್ತಾರೆ. ಕೈಮಾ ಉಂಡೆಗೆ ಹುರಿಗಡಲೆಯ ಪುಡಿ ಬೆರೆಸಿ, ಉಂಡೆ ಕಟ್ಟಿ, ಕುದಿಯುವ ಸಾರಿಗೆ ಬಿಡುತ್ತಾರೆ. ಇಲ್ಲಿ ಹಿಡಿತ ಕೊಡುವುದು ಕಡಲೆ, ಕೊಬ್ಬಲ್ಲ. ಕೊಬ್ಬು ಹೆಚ್ಚಾದರೆ ಅದು ಕರಗಿ ಉಂಡೆಯೇ ಒಡೆದುಹೋಗುತ್ತದೆ ಎಂದು ಗೌಡರ ಮನೆಯ ಅಜ್ಜಿಗೂ ಗೊತ್ತು, ಕೋಫ್ತೆ ಮಾಡುವ ನಮ್ಮ ಖಾಲಾಗೂ ಗೊತ್ತು. ಕಡಲೆ ಸೇರುವುದರಿಂದ ಅರ್ಧ ಸೇರು ಮಾಂಸ ಇಡೀ ಮನೆಗೆ ಸಾಲುತ್ತದೆ ಎಂಬುದು ಬಡವರ ಮನೆಯ ಲೆಕ್ಕವೂ ಹೌದು.

ವಿಜ್ಞಾನ ಇದಕ್ಕೆ ದೂರವೇನಿಲ್ಲ. 1991ರಲ್ಲಿ ಅಮೆರಿಕದ ಬಾಸ್ಟನ್‌ನ ವಿಜ್ಞಾನಿಗಳು ಖೀಮಾದ ಕೊಬ್ಬು ತೆಗೆಯುವ ಒಂದು ವಿಧಾನವನ್ನು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೊಚ್ಚಿದ ಮಾಂಸವನ್ನು ಸಸ್ಯದ ಎಣ್ಣೆಯಲ್ಲಿ ಬಿಸಿಮಾಡಿ, ಬಸಿದು, ಕುದಿಯುವ ನೀರಿನಿಂದ ತೊಳೆಯುವುದು. ಆ ನೀರಿನಿಂದ ಜಿಡ್ಡನ್ನು ಬೇರ್ಪಡಿಸಿ ಸಾರವನ್ನು ಮಾಂಸಕ್ಕೆ ಮರಳಿ ಸೇರಿಸುವುದು. ಹೀಗೆ ಮಾಡಿದರೆ ಹೃದಯಕ್ಕೆ ಕೆಟ್ಟದಾದ ಪರ್ಯಾಪ್ತ ಕೊಬ್ಬೂ ಕೊಲೆಸ್ಟರಾಲೂ ಗಣನೀಯವಾಗಿ ಇಳಿಯುತ್ತವೆ ಎಂದು ಅವರು ತೋರಿಸಿದರು. ಅಜ್ಜಿಯರ ಬಸಿಯುವಿಕೆಗೂ ಇದಕ್ಕೂ ಇರುವ ಅಂತರ ತೀರಾ ದೊಡ್ಡದಲ್ಲ.

ಹಾಗಾದರೆ ನಮ್ಮ ಖೀಮಾದ ಮೇಲೆ ಇಷ್ಟು ಜಿಡ್ಡು ತೇಲತೊಡಗಿದ್ದು ಯಾವಾಗ? 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂತು. ತುಪ್ಪ ಕೊಳ್ಳಲಾಗದವರಿಗೂ ತುಪ್ಪದಂತೆ ಕಾಣುವ ವನಸ್ಪತಿ ಅಗ್ಗದಲ್ಲಿ ಸಿಕ್ಕಿತು. ಮದುವೆ ಮನೆಗಳ ದೇಗು ಅದರಿಂದ ಹೊಳೆಯಿತು. ಅದರಲ್ಲಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಎಷ್ಟು ಅಪಾಯ ಎಂಬುದು ತಿಳಿದದ್ದು ಎಷ್ಟೋ ದಶಕಗಳ ನಂತರ. ಭಾರತದಲ್ಲಿ ಅದರ ಪ್ರಮಾಣವನ್ನು 2 ಶೇಕಡಾಕ್ಕೆ ಮಿತಿಗೊಳಿಸಿದ್ದು 2022ರಲ್ಲಿ. ಅಂದರೆ ನಾವು ಹಿರಿಯರ ಪದ್ಧತಿ ಎಂದು ಎದೆಗವಚಿಕೊಂಡಿರುವ ಜಿಡ್ಡಿನಲ್ಲಿ ಒಂದು ಪಾಲು ನಮ್ಮ ತಾತಂದಿರ ಕಾಲದ ಡಬ್ಬಿಯಿಂದ ಬಂದದ್ದು.

ಹಾಗೆಂದು ಕೊಬ್ಬನ್ನು ಶತ್ರುವೆಂದು ಸಾರಬೇಕಿಲ್ಲ. ಪೂರ್ತಿ ಒಣಗಿದ ಖೀಮಾ ಬಾಯಿಗೆ ಹತ್ತುವುದಿಲ್ಲ. ಲಖನೌದ ಗಲೌಟಿ ಕಬಾಬ್ ನಾಲಿಗೆಯ ಮೇಲೆ ಕರಗುವುದರಲ್ಲಿ ಪರಂಗಿಕಾಯಿಯ ಜೊತೆ ಕೊಬ್ಬಿನ ಪಾಲೂ ಇದೆ. ಎಂದೋ ಒಂದು ದಿನ ಅದನ್ನು ತಿನ್ನುವುದೇ ಬೇರೆ, ವಾರಕ್ಕೆ ಮೂರು ದಿನ ಮಾಂಸ ತಿಂದು, ಕುಳಿತು ದುಡಿಯುವವರು ಹಬ್ಬದ ಜಿಡ್ಡನ್ನು ದಿನದ ಜಿಡ್ಡು ಮಾಡಿಕೊಳ್ಳುವುದೇ ಬೇರೆ. ಹಿರಿಯರು ಕೊಬ್ಬು ಬಡಿಸಿದ್ದು ಅತಿಥಿಯ ಮೈಗೆ ಬಲ ಬರಲೆಂದು. ಇಂದು ಅದೇ ಉದ್ದೇಶಕ್ಕೆ ಅದನ್ನು ತೆಗೆಯಬೇಕಾಗಿ ಬಂದಿದೆ. ಕೈ ಮಾಡುವ ಕೆಲಸ ಬದಲಾಗಿದೆ, ಮನಸ್ಸು ಬದಲಾಗಬೇಕಾಗಿಲ್ಲ.

ಅಂದು ಬಕ್ರೀದ್ ದಿನ ಮನೆಯ ಖಾಲಾ ಏನೂ ಮಾತಾಡದೆ ಒಳಗೆ ಹೋದರು. ಅರ್ಧ ಗಂಟೆಯ ನಂತರ ಸಣ್ಣ ಬಟ್ಟಲಿನಲ್ಲಿ ಬೇರೆ ಖೀಮಾ ತಂದರು. ಎಣ್ಣೆಯಿಲ್ಲದೆ ಹುರಿದು, ಬಸಿದು, ಕೊತ್ತಂಬರಿ, ಹಸಿಮೆಣಸು, ನಿಂಬೆ ಹಾಕಿದ್ದು. "ನಮ್ಮ ಅಮ್ಮಿ ಅಬ್ಬಾಗೆ ಹೀಗೇ ಮಾಡಿ ಕೊಡುತ್ತಿದ್ದರು" ಎಂದಷ್ಟೇ ಹೇಳಿದರು. ಹಿರಿಯರು ಎರಡು ರೊಟ್ಟಿ ತಿಂದರು. ಆಮೇಲೆ ದೊಡ್ಡ ತಟ್ಟೆಯನ್ನು ಬಿಟ್ಟು ಆ ಬಟ್ಟಲಿಗೆ ಕೈ ಹಾಕಿದವರಲ್ಲಿ, ಜಿಡ್ಡಿಲ್ಲದ ಖೀಮಾ ಖೀಮಾನೇ ಅಲ್ಲ ಎಂದಿದ್ದ ಕಿರಿಯರೂ ಇದ್ದರು.