ಪರದೆಯ ಕಪ್ಪು

1888ರಲ್ಲಿ ಪ್ರಾಗ್ ನಗರದ ಸಸ್ಯಶಾಸ್ತ್ರಜ್ಞನಾದ ಫ್ರೀಡ್ರಿಶ್ ರೈನಿಟ್ಜರನು ಗಜ್ಜರಿಯಿಂದ ಪಡೆದ ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸಿ ಅದರ ದ್ರವನಬಿಂದುವನ್ನು ಗೊತ್ತುಮಾಡಲು ತೊಡಗಿದಾಗ, ಆ ವಸ್ತುವಿಗೆ ಒಂದಲ್ಲದೆ ಎರಡು ದ್ರವನಬಿಂದುಗಳಿರುವಂತೆ ಅವನಿಗೆ ತೋರಿತು. 145.5 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದು ಕರಗಿ ಮಬ್ಬಾದ ದ್ರವವಾಯಿತು, 178.5 ಡಿಗ್ರಿಯನ್ನು ಮುಟ್ಟಿದೊಡನೆ ಆ ಮಬ್ಬು ಕಳೆದು ತಿಳಿಯಾಯಿತು. ಈ ವಿಚಿತ್ರದ ಅರ್ಥವೇನೆಂದು ತಿಳಿಯದೆ ಅವನು ಜರ್ಮನಿಯ ಭೌತವಿಜ್ಞಾನಿ ಆಟೋ ಲೇಮನ್ನನಿಗೆ ಪತ್ರ ಬರೆದು ಆ ಪದಾರ್ಥದ ಮಾದರಿಯನ್ನೂ ಕಳುಹಿಸಿಕೊಟ್ಟನು. ಕಾಯಿಸುವ ಏರ್ಪಾಡುಳ್ಳ ಸೂಕ್ಷ್ಮದರ್ಶಕದ ಅಡಿಯಲ್ಲಿ ಧ್ರುವೀಕೃತ ಬೆಳಕಿನಿಂದ ಅದನ್ನು ಪರೀಕ್ಷಿಸಿದ ಲೇಮನ್ನನು, ನೀರಿನಂತೆ ಹರಿಯುತ್ತಲೂ ಸ್ಫಟಿಕದಂತೆ ಬೆಳಕನ್ನು ಇಬ್ಬಗೆಯಾಗಿ ಸೀಳುತ್ತಲೂ ಇರುವ ಆ ಸ್ಥಿತಿಯು ಘನಕ್ಕೂ ದ್ರವಕ್ಕೂ ನಡುವಣ ಒಂದು ಹೊಸ ಅವಸ್ಥೆಯೆಂದು ಸಾರಿ, ಅದನ್ನು ದ್ರವಸ್ಫಟಿಕವೆಂದು ಕರೆದನು. ಇಂದು ನಮ್ಮ ಅಂಗೈಯಲ್ಲಿ ಬೆಳಗುತ್ತಿರುವ ಫೋನಿನ ಪರದೆಯ ವಂಶಾವಳಿ ಆರಂಭವಾಗುವುದು ಇಲ್ಲಿಂದಲೇ.

ಸ್ಮಾರ್ಟ್‌ಫೋನಿನ ಪರದೆಗಳಲ್ಲಿ ಮುಖ್ಯವಾದ ಕುಲಗಳು ಎರಡು: ಎಲ್‌ಸಿಡಿ ಎಂಬ ದ್ರವಸ್ಫಟಿಕದ ಪರದೆ, ಮತ್ತು ಅಮೋಲೆಡ್ ಎಂದು ಅಂಗಡಿಗಳಲ್ಲಿ ಹೆಸರಾದ ಓಎಲ್‌ಇಡಿ ಪರದೆ. ಇವೆರಡರ ತಾರತಮ್ಯವನ್ನು ಹೇಳುವವರು ಬಣ್ಣಗಳ ಹೊಳಪನ್ನೂ ಬೆಳಕಿನ ತೀಕ್ಷ್ಣತೆಯನ್ನೂ ಎಣಿಸುವುದು ವಾಡಿಕೆ. ಆದರೆ ಇವುಗಳ ಚರಿತ್ರೆಯನ್ನು ಮೊದಲಿನಿಂದ ಹಿಡಿದು ನೋಡಿದರೆ, ಇವನ್ನು ಬೇರ್ಪಡಿಸುವ ಗೆರೆ ಬೆಳಕಿನಲ್ಲಿಲ್ಲ, ಕತ್ತಲೆಯಲ್ಲಿದೆ ಎಂದು ನನಗೆ ಮನವರಿಕೆಯಾಗಿದೆ. ಒಂದು ಪರದೆ ಕಪ್ಪನ್ನು ಹೇಗೆ ಉಂಟುಮಾಡುತ್ತದೆಂಬುದನ್ನು ಅರಿತರೆ ಅದರ ಗುಣದೋಷಗಳಲ್ಲಿ ಬಹುಪಾಲನ್ನು ಅರಿತಂತೆಯೇ ಸರಿ.

ರೈನಿಟ್ಜರನ ಶೋಧವು ಮುಕ್ಕಾಲು ಶತಮಾನದಷ್ಟು ಕಾಲ ವಿದ್ವಾಂಸರ ಕುತೂಹಲದ ಸಾಮಗ್ರಿಯಾಗಿಯೇ ಉಳಿಯಿತು. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿದ್ದ ಆರ್‌ಸಿಎ ಪ್ರಯೋಗಶಾಲೆಯಲ್ಲಿ 1962ರಲ್ಲಿ ರಿಚರ್ಡ್ ವಿಲಿಯಮ್ಸ್ ಅವರು ದ್ರವಸ್ಫಟಿಕದ ತೆಳುಪದರವು ವಿದ್ಯುತ್ ಕ್ಷೇತ್ರಕ್ಕೆ ಓಗೊಟ್ಟು ತನ್ನ ರೂಪವನ್ನು ಬದಲಿಸುವುದನ್ನು ಕಂಡರು. ಅಲ್ಲಿಯೇ ಜಾರ್ಜ್ ಹೈಲ್‌ಮೈಯರ್ ಅವರು 1968ರಲ್ಲಿ ಮೊದಲ ಪ್ರದರ್ಶನಫಲಕಗಳನ್ನು ಲೋಕದ ಮುಂದಿಟ್ಟರು. ಆದರೆ ವಿಲಿಯಮ್ಸ್ ಅವರು ಪರೀಕ್ಷಿಸಿದ ವಸ್ತುವನ್ನು 100 ಡಿಗ್ರಿಗೂ ಮಿಗಿಲಾಗಿ ಕಾಯಿಸಬೇಕಾಗಿತ್ತು. ಜೇಬಿನಲ್ಲಿಟ್ಟುಕೊಳ್ಳುವ ಉಪಕರಣಕ್ಕೆ ಅಂಥ ಪದಾರ್ಥ ಒದಗಿಬರುವಂತಿರಲಿಲ್ಲ. ಈ ತೊಡಕನ್ನು ನಿವಾರಿಸಿದವರು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞ ಜಾರ್ಜ್ ಗ್ರೇ. ಅವರ ಬಳಗ 1970ರ ದಶಕದ ಆದಿಯಲ್ಲಿ ಸೃಷ್ಟಿಸಿದ ಸಯನೋಬೈಫಿನೈಲ್‌ಗಳು ಕೊಠಡಿಯ ಉಷ್ಣತೆಯಲ್ಲಿಯೇ ದ್ರವಸ್ಫಟಿಕವಾಗಿರುತ್ತಿದ್ದುವಲ್ಲದೆ, ಗಾಳಿ ಬೆಳಕುಗಳ ಸೋಂಕಿಗೆ ಕೆಡದೆ ಬಾಳುತ್ತಿದ್ದುವು. ಇದೇ ಕಾಲಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್‌ಫ್ರಿಶ್ ಅವರು ಕಡ್ಡಿಯಾಕಾರದ ಅಣುಗಳನ್ನು ಎರಡು ಗಾಜುಗಳ ನಡುವೆ ಕಾಲು ಸುತ್ತು ತಿರುಚಿ ನಿಲ್ಲಿಸುವ ವಿಧಾನವನ್ನು ಕಂಡುಹಿಡಿದಿದ್ದರು. 1973ರಲ್ಲಿ ಶಾರ್ಪ್ ಸಂಸ್ಥೆಯ ದ್ರವಸ್ಫಟಿಕ ಪರದೆಯ ಜೇಬುಗಣಕ ಹೊರಬಂದಿತು, ಆ ಹೊತ್ತಿಗೆ ಅಂಥ ಪರದೆಯ ಕೈಗಡಿಯಾರಗಳೂ ಬಂದುವು.

ಈ ತಿರುಚಿನ ವಿಧಾನವೇ ಎಲ್‌ಸಿಡಿಯ ಕಪ್ಪಿನ ಮೂಲ. ದ್ರವಸ್ಫಟಿಕವು ತಾನಾಗಿ ಬೆಳಗುವುದಿಲ್ಲ. ತೊಗಲುಬೊಂಬೆಯಾಟದಲ್ಲಿ ದೀಪವು ಪರದೆಯ ಹಿಂದೆ ಇಡೀ ರಾತ್ರಿ ಒಂದೇ ಸಮನೆ ಉರಿಯುತ್ತಿದ್ದು, ಬಣ್ಣ ಬಳಿದ ಚರ್ಮವು ಅದನ್ನು ಎಷ್ಟು ಬಿಟ್ಟರೆ ಅಷ್ಟು ಮಾತ್ರ ನೋಡುವವರಿಗೆ ಕಾಣುವಂತೆ, ಇಲ್ಲಿಯೂ ಹಿಂದಣ ದೀಪ ಎಡೆಬಿಡದೆ ಉರಿಯುತ್ತಿರುತ್ತದೆ. ಅದರ ಬೆಳಕನ್ನು ಮೊದಲನೆಯ ಧ್ರುವಕ ಹಾಳೆ ಒಂದೇ ದಿಕ್ಕಿಗೆ ಹದಗೊಳಿಸುತ್ತದೆ. ತಿರುಚಿದ ಅಣುಗಳ ಸಾಲು ಆ ದಿಕ್ಕನ್ನು ಹೊರಳಿಸುತ್ತದೆ. ಎರಡನೆಯ ಹಾಳೆ ಅದನ್ನು ಹೊರಕ್ಕೆ ಬಿಡುತ್ತದೆ. ವಿದ್ಯುತ್ತನ್ನು ಹಾಯಿಸಿದಾಗ ಅಣುಗಳು ನೆಟ್ಟಗೆ ನಿಂತು ತಿರುಚು ಬಿಚ್ಚಿಹೋಗಿ ಬೆಳಕು ಒಳಗೇ ತಡೆಯಲ್ಪಡುತ್ತದೆ. ಆ ತಡೆಯೇ ಕಪ್ಪು. ಯಾವ ತಡೆಯೂ ಪೂರ್ಣವಲ್ಲವಾದುದರಿಂದ ಅಷ್ಟಿಷ್ಟು ಬೆಳಕು ಸೋರಿ, ಕಪ್ಪು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಧ್ರುವಕಗಳೂ ಕೆಂಪು ಹಸಿರು ನೀಲಿಯ ಶೋಧಕಗಳೂ ಸೇರಿ ದೀಪದ ಬೆಳಕಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ನುಂಗುತ್ತವೆ. ಚಿತ್ರ ಕಪ್ಪಾಗಿರಲಿ ಬಿಳುಪಾಗಿರಲಿ, ಬ್ಯಾಟರಿಯ ವೆಚ್ಚ ಹೆಚ್ಚುಕಡಮೆ ಅಷ್ಟೇ.

ಸೋರಿಕೆಗಿಂತಲೂ ಹೆಚ್ಚು ಪೀಡಿಸಿದ ದೋಷ ಇನ್ನೊಂದಿತ್ತು. ಎದುರಿನಿಂದ ನೋಡಿದರೆ ಚೆನ್ನಾಗಿದ್ದ ಚಿತ್ರ, ಓರೆಯಾಗಿ ನೋಡಿದಾಗ ಮಾಸಿಹೋಗುತ್ತಿತ್ತು. ಕೆಳಗಿನಿಂದ ನೋಡಿದರೆ ಕಪ್ಪು ಬಿಳುಪುಗಳು ಅದಲುಬದಲಾಗುತ್ತಿದ್ದುವು. ನೆಟ್ಟಗೆ ನಿಂತ ಕಡ್ಡಿಗಳ ಪಕ್ಕದಿಂದ ಬೆಳಕು ನುಸುಳುವುದೇ ಇದಕ್ಕೆ ಕಾರಣ. ಇದರ ಪರಿಹಾರದ ಒಂದು ಎಳೆ ನಮ್ಮ ಬೆಂಗಳೂರಿನದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1961ರಿಂದ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ ಅವರು, ಸರ್ ಸಿ.ವಿ. ರಾಮನ್ನರ ಸೋದರಳಿಯ, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಗೆ ಬಂದು ಅಲ್ಲಿ ದ್ರವಸ್ಫಟಿಕಗಳ ಪ್ರಯೋಗಶಾಲೆಯೊಂದನ್ನು ಕಟ್ಟಿದರು. ಅಲ್ಲಿಯವರೆಗೆ ದ್ರವಸ್ಫಟಿಕವೆಂದರೆ ಕಡ್ಡಿಯಂತೆ ನೀಳವಾದ ಅಣುವೇ ಆಗಬೇಕೆಂಬುದು ಸರ್ವಸಮ್ಮತವಾದ ನಂಬಿಕೆಯಾಗಿತ್ತು. ಚಪ್ಪಟೆಯಾದ ಬಿಲ್ಲೆಯಂಥ ಅಣುಗಳೂ ಹಾಗೆ ವರ್ತಿಸಲಾರವೇ ಎಂದು ಆಲೋಚಿಸಿದ ಚಂದ್ರಶೇಖರ್, ತಮ್ಮ ಸಹೋದ್ಯೋಗಿಗಳಾದ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡನೆ, ನಡುವೆ ಬೆಂಜೀನಿನ ಉಂಗುರ, ಸುತ್ತ ಆರು ನೀಳ ಬಾಲಗಳಿರುವ ಸಂಯುಕ್ತಗಳನ್ನು ಪರೀಕ್ಷಿಸಿ, ಆ ಬಿಲ್ಲೆಗಳು ಒಂದರ ಮೇಲೊಂದು ಪೇರಿಕೊಂಡು ಕಂಬಗಳಾಗಿ ನಿಲ್ಲುವುದನ್ನು ಎಕ್ಸ್-ಕಿರಣಗಳ ಸಾಕ್ಷ್ಯದಿಂದ ಸ್ಥಾಪಿಸಿದರು. 1977ರಲ್ಲಿ ಈ ಪ್ರಬಂಧ ಪ್ರಕಟವಾದದ್ದು ಹೊರನಾಡಿನ ಯಾವ ಪತ್ರಿಕೆಯಲ್ಲಿಯೂ ಅಲ್ಲ, ಬೆಂಗಳೂರಿನಿಂದಲೇ ಹೊರಡುತ್ತಿದ್ದ ‘ಪ್ರಮಾಣ’ದಲ್ಲಿ. ಕನ್ನಡನಾಡಿನ ನೆಲದಲ್ಲಿ ನಡೆದ ವಿಜ್ಞಾನಕಾರ್ಯಗಳಲ್ಲಿ ಇದಕ್ಕೆ ಸಲ್ಲಬೇಕಾದ ಮನ್ನಣೆ ನಮ್ಮ ಜನರಿಂದ ಇನ್ನೂ ಸಂದಿಲ್ಲವೆಂದು ನಾನು ಬಲವಾಗಿ ನಂಬಿದ್ದೇನೆ.

ಬಿಲ್ಲೆಯ ಅಣು ಬೆಳಕನ್ನು ಬಾಗಿಸುವ ರೀತಿ ಕಡ್ಡಿಯ ಅಣುವಿನ ರೀತಿಗೆ ವಿಪರೀತವಾದುದು. ಆದುದರಿಂದ ಬಿಲ್ಲೆಗಳನ್ನು ತಕ್ಕ ಓರೆಯಲ್ಲಿ ಹೆಪ್ಪುಗಟ್ಟಿಸಿದ ಒಂದು ತೆಳು ಹಾಳೆಯನ್ನು ಪರದೆಗೆ ಅಂಟಿಸಿದರೆ, ಕಡ್ಡಿಗಳು ಓರೆನೋಟಕ್ಕೆ ಮಾಡುವ ಕೇಡನ್ನು ಬಿಲ್ಲೆಗಳು ಸರಿದೂಗಿಸುತ್ತವೆ. 1990ರ ದಶಕದ ಮಧ್ಯಭಾಗದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆ ಇಂಥ ಹಾಳೆಯನ್ನು ಮಾರುಕಟ್ಟೆಗೆ ತಂದಿತು. ಮೇಜಿನ ಕಂಪ್ಯೂಟರುಗಳ, ಲ್ಯಾಪ್‌ಟಾಪುಗಳ ಅಸಂಖ್ಯ ಪರದೆಗಳ ಕಪ್ಪು ಇದರಿಂದ ಸುಧಾರಿಸಿತು. ಫೋನುಗಳು ಮುಂದೆ ಹಿಡಿದ ದಾರಿ ಬೇರೆ. ಅಣುಗಳು ಎದ್ದು ನಿಲ್ಲದೆ ಮಲಗಿದ್ದಲ್ಲಿಯೇ ಹೊರಳುವ, ಹಿಟಾಚಿ ಸಂಸ್ಥೆ 1996ರ ವೇಳೆಗೆ ತಯಾರಿಕೆಗೆ ತಂದ ಐಪಿಎಸ್ ಪದ್ಧತಿ ಅವಕ್ಕೆ ಒಗ್ಗಿತು. 2010ರ ಐಫೋನ್ 4ರಲ್ಲಿ ಅಂಗುಲಕ್ಕೆ 326 ಬಿಂದುಗಳ ಸಾಂದ್ರತೆಯೊಡನೆ ಅದು ಪ್ರಸಿದ್ಧಿಗೆ ಬಂದಿತು.

ಎರಡನೆಯ ಕುಲದ ಹುಟ್ಟು ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರಿನಲ್ಲಿ. ಫೋಟೋ ಫಿಲ್ಮಿಗೆ ಹೆಸರಾದ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಅವರು, ಎರಡು ಇಂಗಾಲಸಂಯುಕ್ತಗಳ ಅತಿ ತೆಳುವಾದ ಪದರಗಳನ್ನು ಒಂದರ ಮೇಲೊಂದು ಲೇಪಿಸಿ 10 ವೋಲ್ಟಿಗೂ ಕಡಮೆ ವಿದ್ಯುತ್ತನ್ನು ಹಾಯಿಸಿದಾಗ ಅದು ಸ್ವತಃ ಹಸಿರಾಗಿ ಬೆಳಗಿದುದನ್ನು 1987ರಲ್ಲಿ ಪ್ರಕಟಿಸಿದರು. ಇಲ್ಲಿ ಹಿಂದಣ ದೀಪವೂ ಇಲ್ಲ, ತಡೆಯುವ ಬಾಗಿಲೂ ಇಲ್ಲ. ಪ್ರತಿಯೊಂದು ಬಿಂದುವೂ ತನ್ನ ಬೆಳಕನ್ನು ತಾನೇ ಸೂಸುತ್ತದೆ, ಕಪ್ಪು ಬೇಕಾದಲ್ಲಿ ಸುಮ್ಮನೆ ಆರಿಕೊಳ್ಳುತ್ತದೆ. ಕತ್ತಲೆಯ ಚಿತ್ರಕ್ಕೆ ವಿದ್ಯುತ್ತಿನ ವೆಚ್ಚ ಅತ್ಯಲ್ಪ. ದೀಪದ ಪದರವೇ ಇಲ್ಲವಾದುದರಿಂದ ಪರದೆ ತೆಳುವಾಗಿ, ಪ್ಲಾಸ್ಟಿಕ್ಕಿನ ಮೇಲೆ ಲೇಪಿಸಿದರೆ ಮಡಿಸಲೂ ಬರುತ್ತದೆ. 2010ರ ಗ್ಯಾಲಕ್ಸಿ ಎಸ್ ಫೋನಿನಿಂದ ಈ ಪರದೆಗೆ ವ್ಯಾಪಕವಾದ ಪ್ರಚಾರ ದೊರೆತು, 2017ರ ಐಫೋನ್ 10ರಲ್ಲಿ ಪ್ರತಿಸ್ಪರ್ಧಿಯೂ ಅದನ್ನು ಒಪ್ಪಿಕೊಂಡದ್ದಾಯಿತು.

ಆದರೆ ಸ್ವಯಂಪ್ರಕಾಶಕ್ಕೆ ತೆರಬೇಕಾದ ಬೆಲೆ ಅಣುಗಳ ಆಯುಸ್ಸು. ಬೆಳಗುವ ಅಣು ಬೆಳಗಿದಷ್ಟೂ ಸವೆಯುತ್ತದೆ. ಒಂದೇ ಗುರುತು ಒಂದೇ ಎಡೆಯಲ್ಲಿ ತಿಂಗಳುಗಟ್ಟಲೆ ನಿಂತರೆ ಆ ಭಾಗ ಉಳಿದುದಕ್ಕಿಂತ ಬೇಗ ಮಂಕಾಗಿ, ಗುರುತಿನ ನೆರಳು ಶಾಶ್ವತವಾಗಿ ಕೂತುಬಿಡುತ್ತದೆ. ಬರ್ನ್-ಇನ್ ಎಂದು ಬಳಕೆದಾರರು ಅಂಜುವುದು ಇದಕ್ಕೇ. ಮೂರು ಬಣ್ಣಗಳಲ್ಲಿ ನೀಲಿಯೇ ಅಲ್ಪಾಯು. ನೀಲಿಯ ಬೆಳಕಿನಲ್ಲಿ ಶಕ್ತಿ ಹೆಚ್ಚಾಗಿರುವುದರಿಂದ ಅದನ್ನು ಹೊಮ್ಮಿಸುವ ಅಣುವಿನ ಬಂಧಗಳೇ ಮುರಿಯುವ ಅಪಾಯವೂ ಹೆಚ್ಚು. ಅಮೋಲೆಡ್ ಪರದೆಯನ್ನು ಒಳ್ಳೆಯ ಭೂತಗನ್ನಡಿಯಲ್ಲಿ ನೋಡಿದವರಿಗೆ ಇದರ ಕುರುಹು ಕಣ್ಣಿಗೇ ಕಾಣುತ್ತದೆ: ಹಸಿರಿನ ಚುಕ್ಕಿಗಳು ಕಿರಿದಾಗಿ ಸಂಖ್ಯೆಯಲ್ಲಿ ಇಮ್ಮಡಿಯಾಗಿಯೂ, ನೀಲಿಯ ಚುಕ್ಕಿಗಳು ಹಿರಿದಾಗಿಯೂ ಇರುತ್ತವೆ, ಹರವು ಹೆಚ್ಚಿದರೆ ಪ್ರತಿಯೊಂದು ಅಣುವಿನ ಮೇಲಣ ಹೊರೆ ಇಳಿಯುವುದೆಂಬ ಲೆಕ್ಕಾಚಾರ ಅಲ್ಲಿದೆ. ಎಲ್‌ಸಿಡಿಯಲ್ಲಾದರೆ ಮೂರು ಬಣ್ಣಗಳೂ ಸಮನಾದ ಪಟ್ಟಿಗಳಾಗಿ ಒತ್ತೊತ್ತಾಗಿ ನಿಂತಿರುತ್ತವೆ. ಸಾಂದ್ರತೆ ಕಡಮೆಯಿದ್ದ ಕಾಲದಲ್ಲಿ ಅದರ ಅಕ್ಷರಗಳು ಹೆಚ್ಚು ನಿಖರವಾಗಿ ಕಾಣುತ್ತಿದ್ದುದು ಇದರಿಂದಲೇ. ಬೆಳಕನ್ನು ತಗ್ಗಿಸಲು ಹಲವು ಅಮೋಲೆಡ್‌ಗಳು ಸೆಕೆಂಡಿಗೆ ಕೆಲವು ನೂರು ಸಲ ಆರಿ ಹೊತ್ತಿಕೊಳ್ಳುವುದರಿಂದ ಕೆಲವರ ಕಣ್ಣಿಗೆ ಆಯಾಸವಾಗುವುದೂ ಉಂಟು. ತೇವವನ್ನೂ ಆಮ್ಲಜನಕವನ್ನೂ ಸಹಿಸಲಾರದಷ್ಟು ಸುಕುಮಾರವಾದುವು ಈ ಪದರಗಳು.

ಇದಲ್ಲದೆ, ಹಗಲಿನಲ್ಲಿ ಅಮೋಲೆಡ್‌ನ ಕಪ್ಪು ತಾನಾಗಿ ದೊರೆತುದಲ್ಲ. ಅದರ ಪದರಗಳ ಅಡಿಯಲ್ಲಿರುವ ಲೋಹ ಹೊರಗಿನ ಬೆಳಕಿಗೆ ಕನ್ನಡಿಯಾಗುತ್ತದೆ. ಆರಿದ ಬಿಂದು ಕಪ್ಪಾಗಿ ಕಾಣುವ ಬದಲು ಆಕಾಶವನ್ನು ತೋರಿಸುತ್ತದೆ. ಅದನ್ನು ತಡೆಯಲು ವೃತ್ತಧ್ರುವಕವೆಂಬ ಹಾಳೆಯೊಂದನ್ನು ಮೇಲೆ ಹೊದಿಸುತ್ತಾರೆ: ಒಳಹೊಕ್ಕ ಬೆಳಕು ಲೋಹವನ್ನು ಬಡಿದು ಹಿಂದಿರುಗುವಾಗ ತಿರುವುಮುರುವಾಗಿ ಹಾಳೆಯಲ್ಲಿಯೇ ಅಡಗಿಹೋಗುತ್ತದೆ. ಈ ಹಾಳೆ ಒಂದೇ ಬಣ್ಣಕ್ಕೆ ಅಲ್ಲದೆ ಎಲ್ಲ ಬಣ್ಣಗಳಿಗೂ ಸಮನಾಗಿ ಕೆಲಸಮಾಡಬೇಕು. ಇಲ್ಲವಾದರೆ ಕಪ್ಪಿನಲ್ಲಿ ನಸುನೇರಿಳೆ ಇಣುಕುತ್ತದೆ. ಇಂಥ ಸರ್ವವರ್ಣದ ವೃತ್ತಧ್ರುವಕವನ್ನು ಹಲವು ಫಲಕಗಳನ್ನು ಗೊತ್ತಾದ ಕೋನಗಳಲ್ಲಿ ಪೇರಿಸಿ ಸಾಧಿಸಬಹುದೆಂದು 1955ರಲ್ಲಿ ತೋರಿಸಿದವರು ಅದೇ ರಾಮನ್ ಸಂಸ್ಥೆಯಲ್ಲಿದ್ದ, ಆಗತಾನೆ ಇಪ್ಪತ್ತು ದಾಟಿದ್ದ ಎಸ್. ಪಂಚರತ್ನಂ. ಸ್ಮಾರ್ಟ್‌ಫೋನೂ ಇಲ್ಲದ, ಓಎಲ್‌ಇಡಿಯ ಕನಸೂ ಇಲ್ಲದ ಆ ದಿನಗಳಲ್ಲಿ, ಹರಳುಗಳ ಬೆಳಕಿನ ಮೇಲಣ ಶುದ್ಧವಾದ ಆಸಕ್ತಿಯೊಂದೇ ಅವರನ್ನು ಆ ದಾರಿಗೆ ಹಚ್ಚಿತ್ತು. ಮೂವತ್ತೈದರ ಪ್ರಾಯದಲ್ಲಿಯೇ, 1969ರಲ್ಲಿ, ಅವರು ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು.

ಈಗ ಅಗ್ಗದ ಫೋನುಗಳಲ್ಲಿ ಎಲ್‌ಸಿಡಿ, ಬೆಲೆ ಏರಿದಂತೆ ಅಮೋಲೆಡ್ ಎಂಬ ವಿಭಾಗ ನೆಲೆನಿಂತಿದೆ. ಇಡೀ ದಿನ ಒಂದೇ ಬಿಳಿಯ ಪುಟವನ್ನು ಬೆಳಗಿಸಿಟ್ಟು ದುಡಿಯುವವರಿಗೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಫೋನನ್ನು ನಿಲ್ಲಿಸಿರುವವರಿಗೆ, ದೀರ್ಘಾಯುವಾದ ಎಲ್‌ಸಿಡಿಯೇ ಮೇಲೆಂದು ನನ್ನ ಅಭಿಪ್ರಾಯ. ಇರುಳಿನಲ್ಲಿ ಸಿನಿಮಾ ನೋಡುವವರಿಗೆ ಅಮೋಲೆಡ್‌ಗೆ ಸಾಟಿಯಿಲ್ಲ. ಆದರೆ ಅಮೋಲೆಡ್ ಒಡೆದಾಗ ರಿಪೇರಿ ಅಂಗಡಿಗಳಲ್ಲಿ ಅದರ ಎಡೆಗೆ ಕಡಮೆ ಬೆಲೆಯ ಎಲ್‌ಸಿಡಿ ಡಿಸ್‌ಪ್ಲೇಯನ್ನು ಕೂರಿಸುವ ಪದ್ಧತಿಯೂ ಇದೆ. ಅಂಗಡಿಯ ಉಜ್ಜ್ವಲವಾದ ಟ್ಯೂಬ್‌ಲೈಟಿನಡಿಯಲ್ಲಿ ಬಿಳಿಯ ಪುಟವನ್ನು ತೆರೆದು ತೋರಿಸಿದರೆ ಎರಡಕ್ಕೂ ಭೇದ ಕಾಣದು. ಹಣ ಕೊಡುವ ಮೊದಲು ಪೂರ್ತಿ ಕಪ್ಪಾದ ಒಂದು ಚಿತ್ರವನ್ನು ತೆರೆಯಿಸಿ, ಪರದೆಯನ್ನು ಮೇಜಿನ ಕೆಳಗಿನ ಕತ್ತಲೆಗೆ ಹಿಡಿದು ನೋಡಬೇಕು. ಅಂಚುಗಳಲ್ಲಿ ಬೂದುಬಣ್ಣದ ಬೆಳಕು ಸೋರುತ್ತಿದ್ದರೆ ಕೂರಿಸಿರುವುದು ಎಲ್‌ಸಿಡಿ.