ಕಬ್ಬಿನ ಕಣ್ಣು, ಮಾತಿನ ಕಣ್ಣು

ಮಂಡ್ಯ ಸೀಮೆಯ ಯಲಿಯೂರಿನ ಸುತ್ತ ಕಬ್ಬು ನೆಡುವವರು ಬಿತ್ತನೆ ತುಂಡನ್ನು ಕಣ್ಣಿನ ಲೆಕ್ಕದಲ್ಲಿ ಕತ್ತರಿಸುತ್ತಾರೆ: ಎರಡು ಕಣ್ಣಿನ ತುಂಡು, ಮೂರು ಕಣ್ಣಿನ ತುಂಡು. ಗೆಣ್ಣಿಗೊಂದು ಕಣ್ಣು. ಮೊಳಕೆ ಒಡೆಯುವುದು ಅಲ್ಲಿಂದಲೇ, ಕಣ್ಣು ಜಜ್ಜಿಹೋದರೆ ಪೈರಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮೇಲಂತೂ ಈ ಸೀಮೆಯ ಎಷ್ಟೋ ಮನೆಗಳು ಆ ಪುಟ್ಟ ಕಣ್ಣನ್ನೇ ನಂಬಿ ಬದುಕಿವೆ.

‘ಕಣ್ಣು’ ಎಂಬ ಪದ ಬಹು ಹಳೆಯದು. ತಮಿಳು, ಮಲಯಾಳ, ತುಳು, ಕೊಡವ, ತೆಲುಗುಗಳಲ್ಲಿ ಅದೇ ಬೇರು. ದೂರದ ಬಲೂಚಿಸ್ತಾನದ ಬ್ರಾಹುಈ ನುಡಿಯಲ್ಲೂ ಕಣ್ಣು ‘ಖನ್’. ಹಳಗನ್ನಡದಲ್ಲಿ ಅದು ‘ಕಣ್’. ಆಮೇಲೆ ವ್ಯಂಜನದಲ್ಲಿ ಮುಗಿಯುವ ಪದಗಳಿಗೆ ಉಕಾರ ಸೇರಿತು. ಹಿಂದೆ ಹ್ರಸ್ವವಿದ್ದಲ್ಲಿ ವ್ಯಂಜನ ಇಮ್ಮಡಿಯಾಗಿ ಕಣ್ ‘ಕಣ್ಣು’, ಪಲ್ ‘ಹಲ್ಲು’ ಆದವು. ದೀರ್ಘವಿದ್ದ ಕಾಲ್ ಬರೀ ‘ಕಾಲು’ ಆಯಿತು. ಸಮಾಸದೊಳಗೆ ಮಾತ್ರ ಹಳೆಯ ರೂಪ ಅಳಿಯಲಿಲ್ಲ: ಕಣ್ಣಿನ ಪನಿ ‘ಕಂಬನಿ’, ಕಣ್ಣು ಕೆಟ್ಟರೆ ‘ಕಂಗೆಡು’. ಇವತ್ತಿನ ಕ್ಯಾಮೆರಾದ ‘ಕಣ್ಗಾವಲಿ’ನಲ್ಲೂ ಇರುವುದು ಹಳಗನ್ನಡದ ಕಣ್ಣೇ.

ದೇಹದ ಪದ ಮನೆಗೂ ಹೊಲಕ್ಕೂ ಹಬ್ಬುವುದು ಬೇರೆಡೆಯೂ ಉಂಟು. ಹಳೆಯ ಐಸ್‌ಲ್ಯಾಂಡಿಕ್‌ನಲ್ಲಿ ಕಣ್ಣು ‘ಔಗ’, ಕಿಟಕಿ ‘ವಿಂಡ್‌ಔಗ’, ಅಂದರೆ ಗಾಳಿಗಣ್ಣು. ಸಂಸ್ಕೃತದಿಂದ ಬಂದ ನಮ್ಮ ‘ಗವಾಕ್ಷಿ’ಯಲ್ಲಿ ಎತ್ತಿನ ಕಣ್ಣಿದೆ. ಕನ್ನಡದ ಕಣ್ಣು ತೆಂಗಿನಕಾಯಿಗೆ, ಬಲೆಗೆ, ಜರಡಿಗೆ, ನವಿಲುಗರಿಗೆ ಹೋಯಿತು.

ಮಂಡ್ಯದಲ್ಲಿ ಅದರ ಬಳಗ ವಾಕ್ಯದ ಕೊನೆಗೂ ಬಂದು ನಿಂತಿದೆ. ‘ಬತ್ತೀನಿ ಕಣ್ಲಾ’, ‘ಹೌದು ಕಣಕ್ಕ’, ‘ಅಂಗಲ್ಲ ಕಣಪ್ಪ’. ಈ ‘ಕಣ’ ಕಣ್ಣಿನ ಒಡಹುಟ್ಟಾದ ‘ಕಾಣ್’ ಧಾತುವಿನದು. ವಚನಗಳಲ್ಲಿ ಅಂಕಿತಕ್ಕೆ ಮುಂಚೆ ಬರುವ ‘ಕಾಣಾ’ ಸವೆದು ‘ಕಣಾ’ ಆಗಿ, ‘ಕಣ’ ಆಗಿ ಬಾಯಲ್ಲಿ ಉಳಿದಿದೆ. ಹೇಳಿದ್ದನ್ನು ನೀನೂ ಕಂಡುಕೋ ಎಂದು ಎದುರಿನವರನ್ನು ಮಾತಿನೊಳಕ್ಕೆ ಕರೆಯುವ ಪದವದು; ಸಲುಗೆಯಿದ್ದಲ್ಲಿ ಮಾತ್ರ ಬರುತ್ತದೆ.

ಇದನ್ನು ಒರಟು ಮಾತೆಂದು ತಿದ್ದುವವರಿದ್ದಾರೆ, ಸಿನಿಮಾದಲ್ಲಿ ನಗೆಗೆ ಬಳಸುವವರಿದ್ದಾರೆ. ಅದು ನನಗೆ ನೋವಿನ ಸಂಗತಿ. ಕಾಣ್, ಕಂಡ, ಕಾಣಾ, ಕಣ ಎಂಬ ಸಾಲನ್ನು ಶಾಲೆಯ ವ್ಯಾಕರಣ ಪಾಠದಲ್ಲಿ ಹಲಗೆಯ ಮೇಲೆ ಬರೆದು ತೋರಿಸಬೇಕು. ಮನೆಯಲ್ಲಿ ಆಡುವ ಮಾತಿಗೂ ವಚನಕ್ಕೂ ಒಂದೇ ಬೇರೆಂದು ತಿಳಿದ ಮಗು ತನ್ನ ನುಡಿಗೆ ನಾಚಿಕೊಳ್ಳಬೇಕಿಲ್ಲ.