ಗಾಂಧಿ ಸ್ಮಾರಕ ಅಂಚೆಚೀಟಿ (1948)
ಸ್ವಾತಂತ್ರ್ಯದ ಪ್ರಥಮ ವಾರ್ಷಿಕೋತ್ಸವದ ದಿನ, 1948ರ ಆಗಸ್ಟ್ 15ರಂದು, ಭಾರತ ಸರ್ಕಾರವು ಪ್ರಕಟಿಸಿದ, ಒಂದೂವರೆ, ಮೂರೂವರೆ ಮತ್ತು ಹನ್ನೆರಡು ಆಣೆಗಳ ಹಾಗೂ 10 ರೂಪಾಯಿಯ ನಾಲ್ಕು ಚೀಟಿಗಳ ಮಾಲೆ. ಸ್ವದೇಶೀವ್ರತದ ಮಹಾತ್ಮನ ಸ್ಮಾರಕವು ಸ್ವಿಟ್ಜರ್ಲೆಂಡಿನಲ್ಲಿ ಮುದ್ರಿತವಾದುದು ವಿಚಿತ್ರವೇ ಸರಿ. ಸಂಗ್ರಾಹಕರು ವಿಶೇಷವಾಗಿ ಅರಸುವುದು 10 ರೂಪಾಯಿಯದನ್ನು. ಹಿಂಬದಿಯ ಮೂಲ ಅಂಟು ಅಳಿಯದೆ, ಆಲ್ಬಮ್ಮಿಗೆ ಅಂಟಿಸಿದ ಕಲೆಯಿಲ್ಲದೆ, ಅಂಚಿನ ಹಲ್ಲುಗಳು ಮುರಿಯದೆ ಉಳಿದುಬಂದ ಪ್ರತಿಗೆ ಅಂಚೆಮುದ್ರೆ ಬಿದ್ದುದಕ್ಕಿಂತ ಸಾಮಾನ್ಯವಾಗಿ ಅಧಿಕ ಬೆಲೆಯುಂಟು. ಗವರ್ನರ್ ಜನರಲ್‌ರ ಉಪಯೋಗಕ್ಕೆಂದು ‘ಸರ್ವಿಸ್’ ಎಂಬ ಮೇಲಚ್ಚು ಪಡೆದವಂತೂ ಅತಿವಿರಳವಾಗಿದ್ದು, ಅವುಗಳಲ್ಲಿ 10 ರೂಪಾಯಿಯ ನಾಲ್ಕು ಚೀಟಿಗಳ ಪಟ್ಟಿಯೊಂದು 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಇಂಥ ಮೇಲಚ್ಚನ್ನು ಕೃತ್ರಿಮವಾಗಿ ಸೇರಿಸುವುದು ಕಠಿಣವಲ್ಲವಾದುದರಿಂದ, ತಜ್ಞರ ಪ್ರಮಾಣಪತ್ರವಿಲ್ಲದ ಪ್ರತಿಯನ್ನು ಕೊಳ್ಳುವುದು ಸಲ್ಲದು.